ಎಲ್ಲವೂ ಚೆನ್ನಾಗಿರುವ ತಾಲ್ಲೂಕಿನಲ್ಲಿ ಪತ್ರಿಕೆ ಹೊರಡಿಸುವ ಕ್ರಮ

ಬಳಸುವ ಮುನ್ನ

ಈ ಕೈಪಿಡಿ ಎಲ್ಲವೂ ಚೆನ್ನಾಗಿರುವ ತಾಲ್ಲೂಕುಗಳಿಗೆ ಮಾತ್ರ. ನಿಮ್ಮದು ಅಂಥದ್ದೇ ಎಂದು ಖಾತ್ರಿ ಮಾಡಿಕೊಳ್ಳಲು ಬಸ್ ನಿಲ್ದಾಣದ ಎದುರು ನಿಂತು ತಲೆ ಎತ್ತಿ ನೋಡಿ. ಒಂದೇ ಮನೆತನದ ಮೂರು ತಲೆಮಾರು ಒಂದೇ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿದ್ದರೆ, ಅವರ ಕಾಲಡಿ ಪಿಎಲ್‌ಡಿ ಬ್ಯಾಂಕಿನ ಅಧ್ಯಕ್ಷರು, ಡೇರಿ ಕಾರ್ಯದರ್ಶಿ, ಜಾತ್ರಾ ಸಮಿತಿಯ ಗೌರವಾಧ್ಯಕ್ಷರು ಸ್ಟಾಂಪ್ ಸೈಜಿನ ಫೋಟೊಗಳಲ್ಲಿ ಸಾಲಾಗಿದ್ದರೆ, ಊರು ಚೆನ್ನಾಗಿದೆ ಎಂದೇ ಅರ್ಥ. ‘ನಮ್ ಕಡೆ ಅಂಥಾ ಗಲಾಟೆ ಏನೂ ಇಲ್ಲ ಬಿಡಿ ಸಾರ್’ ಎಂದು ಹೋಟೆಲಿನವನು ಕೇಳದೆಯೇ ಹೇಳಿದರೆ ತಡಮಾಡಬೇಡಿ, ಶುರುಮಾಡಿ. ಇಂಥ ಊರಲ್ಲಿ ಸುದ್ದಿ ಇಲ್ಲದಿರುವುದಿಲ್ಲ. ಸುದ್ದಿ ಎಲ್ಲರಿಗೂ ಗೊತ್ತಿರುತ್ತದೆ, ಅದು ಅಚ್ಚಾಗಬಾರದು ಅಷ್ಟೇ.

ಹೆಸರು, ಕಾಗದಪತ್ರ

1867ರ ಹಳೆಯ ಕಾಯ್ದೆ ಹೋಗಿ, 2024ರ ಮಾರ್ಚ್ 1ರಿಂದ ಹೊಸ ನೋಂದಣಿ ಕಾಯ್ದೆ ಜಾರಿಯಲ್ಲಿದೆ. ಮ್ಯಾಜಿಸ್ಟ್ರೇಟರ ಮುಂದೆ ನಿಂತು ಘೋಷಣೆ ಸಲ್ಲಿಸುವ ಕಾಲ ಮುಗಿಯಿತು, ಈಗ ಅರ್ಜಿ ಆನ್‌ಲೈನ್. ಸರ್ವರ್ ಡೌನ್ ಆಗಿದ್ದರೆ ಅದನ್ನು ಪತ್ರಿಕಾ ಸ್ವಾತಂತ್ರ್ಯದ ಹರಣ ಎಂದು ಬರೆಯಬೇಡಿ, ಮರುದಿನ ಬೆಳಿಗ್ಗೆ ಪ್ರಯತ್ನಿಸಿ.

ಸಿಡಿಲು, ಚಾಟಿ, ಬೆಂಕಿಚೆಂಡು ಈ ಧಾಟಿಯ ಹೆಸರು ಬೇಡ. ಜನ ಓದುವ ಮೊದಲೇ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ವಸೂಲಿ ಪತ್ರಿಕೆಗಳು ಮಾಡಿಟ್ಟ ಉಪಕಾರ ಅದು. 1843ರ ಜುಲೈ 1ರಂದು ಮೊಗ್ಲಿಂಗ್ ಪಾದ್ರಿ ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತೆಗೆದಾಗ ‘ಮಂಗಳೂರ ಸಮಾಚಾರ’ ಎಂದಷ್ಟೇ ಕರೆದ. ನೀವೂ ಊರಿನದೋ ಹೊಳೆಯದೋ ಹೆಸರಿಟ್ಟರೆ ಬೈಯಲು ಯಾರಿಗೂ ಸಲೀಸಾಗಿ ಬಾಯಿ ಬರುವುದಿಲ್ಲ.

ಸರ್ಕಾರದ ಭಯ ಹೆಚ್ಚೇನೂ ಬೇಡ. ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ ಎಂಬ ಕಾನೂನನ್ನು ಮೈಸೂರು ಸಂಸ್ಥಾನ 1908ರಲ್ಲಿ ತಂದಾಗ, ತಾತಯ್ಯ ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಈಗ ತಾಲ್ಲೂಕು ಮಟ್ಟದಲ್ಲಿ ಅಷ್ಟೆಲ್ಲ ತೊಂದರೆಯನ್ನು ಸರ್ಕಾರ ತೆಗೆದುಕೊಳ್ಳುವುದಿಲ್ಲ. ಆ ಕೆಲಸ ನಿಮ್ಮ ಸೋದರಮಾವನಿಗೆ ಬಿಟ್ಟಿದ್ದು.

ಸಾಮಗ್ರಿ

ಒಂದು ಕಂಪ್ಯೂಟರ್, ನುಡಿ ತಂತ್ರಾಂಶ, ಪುಟ ಕಟ್ಟಲು ಬರುವ ಒಬ್ಬ ಡಿಟಿಪಿ ಹುಡುಗಿ, ಸಾಲ ಕೊಡಬಲ್ಲ ಆಫ್‌ಸೆಟ್ ಪ್ರೆಸ್. ಹಳ್ಳಿಗಳಿಂದ ವಾಟ್ಸಾಪಿನಲ್ಲಿ ಬಂದ ಯೂನಿಕೋಡ್ ಸುದ್ದಿಯನ್ನು ನುಡಿಗೆ ಇಳಿಸುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅಧ್ಯಕ್ಷರ ಹೆಸರನ್ನು ಎರಡು ಸಲ ನೋಡಿ. ಅವ್ಯವಹಾರದ ಆರೋಪವನ್ನು ಅವರು ಕ್ಷಮಿಸಿಯಾರು, ಹೆಸರಿನ ಕಾಗುಣಿತ ತಪ್ಪಿದ್ದನ್ನು ಕ್ಷಮಿಸಲಾರರು.

ಮೊದಲ ಸಂಚಿಕೆಗಳು

ಇಲ್ಲಿ ಎಲ್ಲರೂ ಎಡವುತ್ತಾರೆ. ಮೊದಲ ಸಂಚಿಕೆಯಲ್ಲೇ ಶಾಸಕರ ಬಣ್ಣ ಬಯಲು, ಎರಡನೆಯದರಲ್ಲಿ ತಹಶೀಲ್ದಾರರದು, ಮೂರನೆಯದು ಬರುವುದೇ ಇಲ್ಲ. ಅದರ ಬದಲು ಊರಿಗೆ ಬೇಕಾದ್ದನ್ನು ಹಾಕಿ: ಎಪಿಎಂಸಿ ಧಾರಣೆ, ಯಾವ ಫೀಡರಿನಲ್ಲಿ ಎಂದು ಕರೆಂಟಿಲ್ಲ, ನಾಲೆಗೆ ನೀರು ಬಿಡುವ ದಿನ, ಪಶುವೈದ್ಯರು ಯಾವ ವಾರ ಯಾವ ಊರಲ್ಲಿ ಸಿಗುತ್ತಾರೆ, ನಿಂತುಹೋದ ಸಂಜೆ ಬಸ್ಸು. ಸಾವಿನ ಸುದ್ದಿಗೆ ಒಂದು ಕಾಲಂ ಮೀಸಲಿಡಿ. ಸತ್ತವರು ಯಾರ ಪೈಕಿ, ಯಾವ ಊರಿಗೆ ಕೊಟ್ಟ ಹೆಣ್ಣು, ಮಕ್ಕಳೆಷ್ಟು, ತಿಥಿ ಎಂದು, ಎಲ್ಲವೂ ಇರಲಿ. ರಾಜ್ಯಮಟ್ಟದ ಪತ್ರಿಕೆಗಳು ಜಿಲ್ಲಾ ಪುರವಣಿಯಲ್ಲಿ ಇದಕ್ಕೆ ಜಾಗ ಕೊಡಲಾರವು. ಈ ಕಾಲಮ್ಮಿಗಾಗಿ ನಿಮ್ಮನ್ನು ಶಪಿಸುವವರೂ ಕೊಳ್ಳುತ್ತಾರೆ.

ಜಾತ್ರೆ, ತೇರು, ಮಠದ ಕಾರ್ಯಕ್ರಮಗಳನ್ನು ಬಿಡಬೇಡಿ, ಅವುಗಳ ಬಗ್ಗೆ ಮೂಗು ಮುರಿಯಲೂ ಬೇಡಿ. ಸಂಪ್ರದಾಯಸ್ಥರ ಊರೆಂದರೆ ಪ್ರಶ್ನೆಯೇ ಇಲ್ಲದವರ ಊರು ಎಂದು ಬೆಂಗಳೂರಿನಲ್ಲಿ ಕೂತವರು ಭಾವಿಸುತ್ತಾರೆ. ಮುಜರಾಯಿ ಇಲಾಖೆಯ ಸಿ ದರ್ಜೆಯ ದೇವಸ್ಥಾನವೆಂದರೆ ವರ್ಷದ ವರಮಾನ 5 ಲಕ್ಷ ಮುಟ್ಟದ ದೇವಸ್ಥಾನ. ಅದರ ಜೀರ್ಣೋದ್ಧಾರಕ್ಕೆ ಬಂದ ಹಣ ಎಲ್ಲಿ ಹೋಯಿತೆಂಬ ಸಿಟ್ಟು ಯಾವ ವಿಚಾರವಾದಿಗಿಂತ ದಿನಾ ಹೂವು ತರುವ ಭಕ್ತನಿಗೆ ಹೆಚ್ಚು. ದಾಖಲೆ ಬೇಕಾದರೆ ಮಾಹಿತಿ ಹಕ್ಕಿದೆ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದ. ಸಂಪಾದಕೀಯಕ್ಕೂ ಅದೇ ಮಿತಿ ಹಾಕಿಕೊಂಡರೆ ಒಳ್ಳೆಯದು.

ಚಾಲನೆ

ಒಂದು ಹಳ್ಳಿಯ ಕಟಿಂಗ್ ಶಾಪಿನಲ್ಲಿ ಕಾಲೊನಿ ಹುಡುಗರಿಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದುಕೊಳ್ಳಿ. ಪೊಲೀಸರಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ‘ಅಸ್ಪೃಶ್ಯತೆಯ ಕರಾಳ ಮುಖ!’ ಎಂಬ ತಲೆಬರಹ ನಿಮ್ಮ ಬೆರಳ ತುದಿಗೆ ಬಂದಿರುತ್ತದೆ, ಕೈ ತೊಳೆದುಕೊಳ್ಳಿ. ಭಾನುವಾರ ಬೆಳಿಗ್ಗೆ ಹೋಗಿ ಅಂಗಡಿಯ ಬೆಂಚಿನಲ್ಲಿ ಪೇಪರು ಹಿಡಿದು ಕೂರಿ. ಒಬ್ಬ ಹುಡುಗ ಬಂದ, ‘ಬ್ಲೇಡ್ ಖಾಲಿ ಕಣಪ್ಪ, ನಾಳೆ ಬಾ’ ಎನಿಸಿಕೊಂಡು ಹೋದ. ಅವನ ಬೆನ್ನಿಗೇ ಬಂದ ಯಜಮಾನರಿಗೆ ಹೊಸ ಬ್ಲೇಡು ಮುರಿದು ಹಾಕಲಾಯಿತು. ಗಂಟೆ ನಿಮಿಷ ಹಾಕಿ ಇಷ್ಟನ್ನೇ ಬರೆಯಿರಿ. ಅಂಗಡಿಯವನನ್ನೂ ಕೇಳಿ. ‘ಅವರಿಗೆ ಮಾಡಿದ್ರೆ ಇವರು ಬರಲ್ಲ ಸಾರ್, ಅಂಗಡಿ ಬಾಡಿಗೆ ಯಾರು ಕಟ್ತಾರೆ?’ ಎಂದು ಅವನು ಅಂದದ್ದನ್ನೂ ಹಾಕಿ, ಏಕೆಂದರೆ ಆ ಕಟ್ಟಳೆಯ ಯಜಮಾನ ಅವನಲ್ಲ. ಆ ಹುಡುಗನ ಹೆಸರನ್ನು ಅವನು ಒಪ್ಪಿದರೆ ಮಾತ್ರ ಹಾಕಿ, ಅವನು ಅದೇ ಊರಲ್ಲಿ ಬಾಳಬೇಕು. ವಿಶೇಷಣ ಒಂದೂ ಬೇಡ. ನೀವು ಬೈದಿದ್ದರೆ ಊರು ನಿಮ್ಮ ಜಾತಿ ಯಾವುದೆಂದು ಹುಡುಕಿ ನಿರಾಳವಾಗುತ್ತಿತ್ತು. ಬ್ಲೇಡಿನ ವಿಷಯಕ್ಕೆ ಅಂಥ ದಾರಿಯಿಲ್ಲ.

ಇಂಧನ

‘ಜನಪ್ರಿಯ ನಾಯಕರಿಗೆ ಹುಟ್ಟುಹಬ್ಬದ ಶುಭಾಶಯಗಳು’ ಎಂಬ ಪೂರ್ತಿ ಪುಟದ ಜಾಹೀರಾತು ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ದುಡ್ಡು ಬರುವುದಿಲ್ಲ. ಬಂದರೂ ಮುಂದಿನ ಹುಟ್ಟುಹಬ್ಬದವರೆಗೆ ನೀವು ಬಾಯಿಬಿಡುವಂತಿಲ್ಲ. 1980ರಲ್ಲಿ ಲಂಕೇಶರು ಜಾಹೀರಾತೇ ಇಲ್ಲದೆ ವಾರಪತ್ರಿಕೆ ನಡೆಸಿ ತೋರಿಸಿದರು, ಆದರೆ ಅದಕ್ಕೆ ಒಬ್ಬ ಲಂಕೇಶರು ಬೇಕು, ಬಿಡಿಭಾಗವಾಗಿ ಸಿಗುವುದಿಲ್ಲ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಬಂಡವಾಳ ಎತ್ತಿ ಮಂಗಳೂರಿನಲ್ಲಿ ‘ಮುಂಗಾರು’ ದೈನಿಕ ತಂದರು. ಪ್ರೀತಿ ಸಿಕ್ಕಿತು, ದೀರ್ಘಾಯುಷ್ಯ ಸಿಗಲಿಲ್ಲ. ನನಗೆ ಹೆಚ್ಚು ನಂಬಿಕೆ ಬುಂದೇಲಖಂಡದ ಹೆಂಗಸರ ಮೇಲೆ. 2002ರಲ್ಲಿ ಚಿತ್ರಕೂಟದಲ್ಲಿ ಶುರುವಾದ ‘ಖಬರ್ ಲಹರಿಯಾ’ದಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಬುಂದೇಲಿಯಲ್ಲಿ ಬರೆದು, ಬರೆದವರೇ ಹಳ್ಳಿ ಹಳ್ಳಿ ತಿರುಗಿ ಮಾರಿದರು. ಹಿಂದೆ ಒಂದು ಸಂಸ್ಥೆಯ ಆಸರೆಯಿತ್ತು ನಿಜ. ಆದರೂ ಊರಿನ ಗಂಡಸರೆದುರು ಕಾಸು ಕೇಳಿ ಪತ್ರಿಕೆ ಕೊಟ್ಟವರು ಅವರೇ. ನಿಮ್ಮ ಚಂದಾ ಪುಸ್ತಕವನ್ನು ಏಜೆಂಟನ ಕೈಗೆ ಕೊಡಬೇಡಿ. ನೀವೇ ಮನೆಮನೆಗೆ ಹೋದರೆ ಚಂದಾ ಸಿಗದಿದ್ದರೂ ನಾಲ್ಕು ಸುದ್ದಿ ಸಿಗುತ್ತದೆ.

ದೋಷ ಮತ್ತು ಪರಿಹಾರ

ಶಾಸಕರ ಪಿಎ ಫೋನ್ ಮಾಡಿ ‘ಅಣ್ಣ ಬೇಜಾರಾಗಿದ್ದಾರೆ’ ಎಂದರೆ: ‘ಅಣ್ಣನ ಸ್ಪಷ್ಟನೆ ಬರೆದು ಕಳಿಸಿ ಸಾರ್, ಅದೇ ಜಾಗದಲ್ಲಿ ಹಾಕ್ತೀನಿ’ ಎನ್ನಿ. ಬರುವುದಿಲ್ಲ. ಬಂದರೆ ಹಾಕಿ.

ವಕೀಲರ ನೋಟಿಸ್ ಬಂದರೆ: ಮಾನನಷ್ಟಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಕಲಂ ಬದಲಾಗಿದೆ, ಕೋರ್ಟಿನ ಕಾರಿಡಾರಿನ ಬೆಂಚು ಬದಲಾಗಿಲ್ಲ. ದಾಖಲೆಯ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ. ರಾತ್ರಿ ಒಬ್ಬರೇ ಬೈಕಿನಲ್ಲಿ ಬರಬೇಡಿ. ಇದು ತಮಾಷೆಯಲ್ಲ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಕೊಂದದ್ದು ರಾಜಧಾನಿಯಲ್ಲಿ, ಅವರ ಮನೆಯ ಮುಂದೆಯೇ.

ಚಿಕ್ಕಪ್ಪ ಬಂದು ‘ಅವರ ಮನೆ ವಿಷಯ ಬರೆದ್ರೆ ನಾಳೆ ನಿನ್ನ ತಂಗಿಗೆ ಗಂಡು ಯಾರು ಕೊಡ್ತಾರೆ?’ ಎಂದರೆ: ಇದಕ್ಕೆ ತಯಾರಕರಲ್ಲಿ ಪರಿಹಾರವಿಲ್ಲ. ತಂಗಿಯನ್ನು ಕೇಳಿ, ಅವಳ ಅಭಿಪ್ರಾಯ ಬೇರೆ ಇರಬಹುದು.

ಸೊಸೈಟಿ ಅಧ್ಯಕ್ಷರು ಚಂದಾ ರದ್ದು ಮಾಡಿ, ನಿಮ್ಮ ಪತ್ರಿಕೆ ಮನೆಯೊಳಗೆ ಬರಕೂಡದೆಂದು ಹೇಳಿಕಳಿಸಿ, ತಿಂಗಳಾದ ಮೇಲೆ ತಾಯಿಯ ಮೊದಲ ವರ್ಷದ ಪುಣ್ಯಸ್ಮರಣೆ ಹಾಕಿಸಲು ಮಗನನ್ನು ಕಳಿಸಿದರೆ: ಹಳೆಯದನ್ನು ಎತ್ತಬೇಡಿ. ಒಳ್ಳೆಯ ಫೋಟೊ ಕೇಳಿ, ಇನಿಷಿಯಲ್ ಸರಿಯಾಗಿ ಬರೆದುಕೊಳ್ಳಿ, ದರಪಟ್ಟಿ ತೋರಿಸಿ, ಮುಂಗಡ ಪೂರ್ತಿ ತೆಗೆದುಕೊಂಡು ರಸೀದಿ ಹರಿದುಕೊಡಿ.