ಭಾವನ ಕಡ್ಡಾಯ, ಕರಿಮೀನಿನ ವಿನಾಯಿತಿ

ಕಡ್ಡಾಯ ಮತದಾನ ಬೇಕೇ ಬೇಕು ಎಂದು ಮೇಜು ಗುದ್ದಿ ಹೇಳುವವರು ನಮ್ಮ ಭಾವ. ಬೆಂಗಳೂರು ದಕ್ಷಿಣದ ಮತದಾರರು. "ಆಸ್ಟ್ರೇಲಿಯಾ ನೋಡು! 1922ರಲ್ಲಿ ನೂರಕ್ಕೆ ಅರವತ್ತು ಜನವೂ ಬೂತಿಗೆ ಬಂದಿರಲಿಲ್ಲ. 1924ರಲ್ಲಿ ಕಾನೂನು ಮಾಡಿದರು, ಮರುವರ್ಷ ತೊಂಬತ್ತು ದಾಟಿತು. ಈಗಲೂ ತಪ್ಪಿಸಿದರೆ 20 ಡಾಲರ್ ದಂಡ!" ಈ ಭಾಷಣ ಅವರು ಬಿಗಿದದ್ದು 2024ರ ಏಪ್ರಿಲ್ 26ರಂದು, ಕೊಚ್ಚಿಯ ನಮ್ಮ ಊಟದ ಮೇಜಿನಲ್ಲಿ, ಬಾಳೆಎಲೆಯಲ್ಲಿ ಸುಟ್ಟ ಕರಿಮೀನಿನ ಮುಳ್ಳು ಬಿಡಿಸುತ್ತಾ. ಅದೇ ಹೊತ್ತಿಗೆ, ಕೊಚ್ಚಿಯಲ್ಲಿದ್ದಂತೆ, ಅತ್ತ ಬೆಂಗಳೂರು ದಕ್ಷಿಣದಲ್ಲೂ ಮತದಾನ ನಡೆಯುತ್ತಿತ್ತು. ಶುಕ್ರವಾರ ರಜೆ, ಶನಿವಾರ, ಭಾನುವಾರ: ಲೆಕ್ಕ ಅರ್ಥವಾಯಿತಲ್ಲ? ಆ ಕ್ಷೇತ್ರದಲ್ಲಿ ಅಂದು ಬಿದ್ದದ್ದು ಶೇ. 53.

ಇತ್ತ ಕೊಚ್ಚಿಯ ನಮ್ಮ ಓಣಿಗೆ ಕಾನೂನು ಬೇಕಿಲ್ಲ. ಚುನಾವಣೆಗೆ ವಾರವಿರುವಾಗಲೇ ಮೂರೂ ಪಕ್ಷದ ಹುಡುಗರು ಸ್ಲಿಪ್ಪು ಕೊಟ್ಟು ಹೋಗುತ್ತಾರೆ. ಮತದಾನದ ದಿನ ಬೂತಿನಿಂದ ಆಚೆ ಒಂದು ಮೇಜು, ಮೇಲೊಂದು ಕೊಡೆ, ಮುಂದೊಂದು ಮತದಾರರ ಪಟ್ಟಿ. ಬಂದವರ ಹೆಸರಿನ ಮೇಲೆ ಸ್ಕೇಲಿಟ್ಟು ಕೆಂಪು ಗೆರೆ. ಮಧ್ಯಾಹ್ನದ ಹೊತ್ತಿಗೆ ಗೆರೆ ಬೀಳದವರ ಬಾಗಿಲಿಗೆ ಬೈಕು: "ಚೇಟ್ಟಾ, ವೋಟ್ ಚೆಯ್ತೋ?" (ಅಣ್ಣಾ, ವೋಟು ಹಾಕಿದಿರಾ?) ಆಸ್ಟ್ರೇಲಿಯಾದ ನೋಟೀಸು ಚುನಾವಣೆ ಮುಗಿದ ಮೇಲೆ ಬರುತ್ತದೆ, ನಮ್ಮದು ಊಟಕ್ಕೆ ಮುಂಚೆ. ಅಂದು ಬೈಕಿನಲ್ಲಿ ಬಂದ ಹುಡುಗ ಭಾವನನ್ನೂ ಬಿಡಲಿಲ್ಲ. ಭಾವ ಎಡಗೈ ಬೆರಳನ್ನು ಮೆಲ್ಲಗೆ ಮೇಜಿನಡಿಗೆ ಸರಿಸಿದರು.

ಈ ಕೊಡೆಯ ಪಹರೆಯೂ ಸೋತ ದಿನವೊಂದುಂಟು. 2019ರ ಅಕ್ಟೋಬರ್ 21, ಕೇರಳದ ಐದು ಕಡೆ ಉಪಚುನಾವಣೆ. ಕೊಚ್ಚಿಯಲ್ಲಿ ಆಕಾಶ ತೂತಾಯಿತು. ರಸ್ತೆ ಹೊಳೆ, ಬೂತು ಕೆರೆ. ನಾನು ಮುಂಡು ಮೊಣಕಾಲಿಗೆ ಎತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು ಹೋದೆ; ಬೆರಳಿಗೆ ಶಾಯಿ, ಕಾಲಿಗೆ ಕೆಸರು. ಕೊಚ್ಚಿಯ ನಮ್ಮ ಎರ್ನಾಕುಲಂ ಕ್ಷೇತ್ರದಲ್ಲಿ ಅಂದು ಶೇ. 58ರ ಆಸುಪಾಸು. ತಿರುವನಂತಪುರದ ವಟ್ಟಿಯೂರ್‌ಕಾವು ಶೇ. 62. ಅದೇ ದಿನ ನಮ್ಮ ಕನ್ನಡಿಗರ, ತುಳುವರ ಮಂಜೇಶ್ವರ ಶೇ. 75 ದಾಟಿತು. ಬರದಿದ್ದ ಕೊಚ್ಚಿಯವರಿಗೆ ದಂಡ ಹಾಕುವುದಾದರೆ ಮೊದಲ ಚೀಟಿ ಹರಿಯಬೇಕಾದ್ದು ಮಳೆರಾಯನ ಹೆಸರಿಗೆ.

ಮಂಜೇಶ್ವರದವರ ಉತ್ಸಾಹಕ್ಕೆ ಕಾರಣವಿದೆ. 2016ರಲ್ಲಿ ಅಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಗೆದ್ದದ್ದು ಬರೀ 89 ವೋಟಿನಿಂದ. ಸತ್ತವರ, ಗಲ್ಫಿನಲ್ಲಿದ್ದವರ ಹೆಸರಲ್ಲೂ ಕಳ್ಳವೋಟು ಬಿದ್ದಿದೆ ಎಂದು ಸೋತ ಕೆ. ಸುರೇಂದ್ರನ್ ಕೊಚ್ಚಿಯ ಹೈಕೋರ್ಟಿಗೆ ಬಂದರು. 'ಸತ್ತವರ' ಪಟ್ಟಿಯಲ್ಲಿದ್ದ ಕೆಲವರು ಸಮನ್ಸು ಪಡೆಯಲು ತಾವೇ ಬಾಗಿಲಿಗೆ ಬಂದರಂತೆ! ಕೊನೆಗೆ ಅರ್ಜಿಯನ್ನು ಅವರೇ ಹಿಂದಕ್ಕೆ ಪಡೆದರು. 89ರ ಅಂತರ ಕಂಡ ಊರಿನಲ್ಲಿ ಯಾರೂ 'ನನ್ನೊಬ್ಬನ ವೋಟಿನಿಂದೇನು' ಎನ್ನುವುದಿಲ್ಲ.

ಸರಿ, ಕಡ್ಡಾಯ ಮಾಡಿ ಮನಸ್ಸಿಲ್ಲದವರನ್ನು ಎಳೆದು ತಂದರೆ? ಅವರಿಗೆಂದೇ ನೋಟಾ ಇದೆ. 2013ರಲ್ಲಿ ನೋಟಾ ಇರಲೇಬೇಕೆಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಪೀಠದ ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಮರುವರ್ಷ ತಿರುವನಂತಪುರದ ರಾಜಭವನಕ್ಕೇ ರಾಜ್ಯಪಾಲರಾಗಿ ಬಂದರು. 'ಯಾರೂ ಬೇಡ' ಎನ್ನುವ ಗುಂಡಿ ಕೊಡಿಸಿದವರು ಮಂತ್ರಿಗಳೆಲ್ಲರಿಗೂ ಪ್ರಮಾಣವಚನ ಬೋಧಿಸುವ ಗದ್ದುಗೆಗೆ!

ಕರ್ನಾಟಕವೂ 2015ರಲ್ಲಿ ಪಂಚಾಯ್ತಿ ಮತದಾನ ಕಡ್ಡಾಯವೆಂದು ಕಾನೂನು ಮಾಡಿತು, ಹಾಕದವರಿಗೆ ಶಿಕ್ಷೆ ಮಾತ್ರ ಇಡಲಿಲ್ಲ. ಹಲ್ಲಿಲ್ಲದ ಹುಲಿ. ಹಲ್ಲು ಕಟ್ಟಿಸಹೊರಟದ್ದು ಗುಜರಾತು: 100 ರೂಪಾಯಿ ದಂಡ.

ನಾನು ಭಾವನ ತಟ್ಟೆಯ ಪಕ್ಕ ಕೈ ಚಾಚಿದೆ: "ತೆಗೀರಿ ನೂರು ರೂಪಾಯಿ."

ಭಾವ ಮುಳ್ಳು ಪಕ್ಕಕ್ಕಿಟ್ಟು ಗಂಭೀರವಾಗಿ ಹೇಳಿದರು: "ಅದು ಸ್ಥಳೀಯ ಸಂಸ್ಥೆಗಳಿಗೆ ಮಾತ್ರ. ಮೇಲಾಗಿ 2015ರಲ್ಲೇ ಅಲ್ಲಿನ ಹೈಕೋರ್ಟು ತಡೆಯಾಜ್ಞೆ ಕೊಟ್ಟಿದೆ. ಇನ್ನೊಂದು ಕರಿಮೀನು ಇದೆಯಾ?"