ಪಾವಣೆ ಎರಡು

ರವಿವಾರ ಬೆಳಗ್ಗೆ ಬೇಲಿಯಾಚೆಯಿಂದ ವೈನಿ ಮಾತು ತೆಗೆದರು. ಮೊಮ್ಮಗಳನ್ನು ಇಂಗ್ಲಿಷ್ ಸಾಲಿಗೆ ಹಾಕಿದ್ದಾರೆ. “ಈಗ ಎರಡೆರಡು ಭಾಷಾ ಬರ್ತಾವು ನೋಡ್ರಿ. ತಲಿ ಭಾಳ ಚುರುಕ ಆಗ್ತದಂತ, ಖರೇನ?” ಅಂದರು. ಎರಡೆರಡು ಅನ್ನುವಾಗ ಅವರ ಮುಖ ಅರಳಿತ್ತು.

ಚುರುಕು ಆದೀತು. ಆದರೆ ಎರಡು ಭಾಷೆ ಅಂದಕೂಡಲೇ ನಮಗೆ ಕನ್ನಡದ ಪಕ್ಕ ಇಂಗ್ಲಿಷೇ ಯಾಕೆ ನೆನಪಾಗಬೇಕು, ಹೇಳ್ರಿ? ನಮ್ಮ ಓಣಿಗೆ ಕೊತ್ತಂಬರಿ ತರುವ ಹುಡುಗಿಯನ್ನು ನೋಡಿ. ಅವ್ವನ ಜೋಡಿ ಉರ್ದು, ನಮ್ಮ ಜೋಡಿ ಕನ್ನಡ, ಮೂಲೆಮನೆ ಮಾಂವಶಿಯ ಹತ್ತಿರ ಚೌಕಾಶಿಗೆ ನಿಂತರೆ ಮರಾಠಿ, ರೇಲ್ವೆ ಕ್ವಾರ್ಟರ್ಸಿಗೆ ಹೋದರೆ ಹಿಂದಿ. ನಾಲ್ಕಾದವಲ್ಲ? ಅವನ್ನು ಯಾರೂ ಎಣಿಸುವುದೇ ಇಲ್ಲ.

ಹಂಗ ನೋಡಿದರೆ ‘ವೈನಿ’ ಅನ್ನುವುದೂ ಮರಾಠಿಯದೇ. 1956ರ ತನಕ ನಮ್ಮ ಹುಬ್ಬಳ್ಳಿ-ಧಾರವಾಡ ಮುಂಬೈ ಕಡೆಗೇ ಇದ್ದವಲ್ಲ. ಕಾಕಾ, ಮಾಂವಶಿ, ದೀಡ, ಅಡೀಚ ಎಲ್ಲ ಒಳಗೆ ಬಂದು ಮನೆಯವರಾಗಿಬಿಟ್ಟವು. ಇವುಗಳಲ್ಲಿ ನನಗೆ ‘ಪಾವಣೆ’ ಅಂದರೆ ಜೀವ. ಪಾವಣೆ ಎರಡು ಅಂದರೆ ಎರಡಕ್ಕೆ ಕಾಲು ಕಮ್ಮಿ. ಹೇಳುತ್ತ ಹೇಳುತ್ತಲೇ ಕಳೆಯಬೇಕು! ಸಾಲಿಯ ಕಟ್ಟೆ ಹತ್ತದ ನಮ್ಮಜ್ಜಿ ಸಂತೆಯಲ್ಲಿ ಪಾವಣೆ ಎರಡು ಸೇರು ಜೋಳಕ್ಕೆ ದುಡ್ಡು ಎಣಿಸುತ್ತ, ನಡುವೆ ಅಂಗಡಿಯವನಿಗೆ ಮರಾಠಿಯಲ್ಲಿ ಬೈದು, ಈ ಕಡೆ ತಿರುಗಿ “ಚುರಮರಿ ಬೇಕೇನ ಕೂಸ?” ಅಂತ ಕನ್ನಡದಲ್ಲಿ ಕೇಳುತ್ತಿದ್ದಳು. ಬೈಗುಳ ಮಾತ್ರ ಮರಾಠಿಯಲ್ಲೇ ಯಾಕೋ, ಇವತ್ತಿಗೂ ತಿಳಿದಿಲ್ಲ.

ಅಜ್ಜಿ ಸುಮ್ಮನೆ ನೆನಪಾಗಲಿಲ್ಲ. ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ಮಂದಿಯನ್ನು ನೋಡಿ 2013ರಲ್ಲಿ ಬರೆದರಲ್ಲ, ಒಂದೇ ಭಾಷೆಯವರಿಗಿಂತ ಎರಡು ಭಾಷೆಯವರಲ್ಲಿ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಕಾಣಿಸಿತ್ತು ಅಂತ. ಅಕ್ಷರ ಬಾರದವರಲ್ಲೂ ಆ ತಡ ಇತ್ತು! ಇಂಥ ಮಾತಿನ ಮೇಲೆ ಪಂಡಿತರ ವಾದ ಇನ್ನೂ ನಡೆದೇ ಇದೆ, ಇರಲಿ. ಅಜ್ಜಿ ಕಡೆತನಕ ಒಬ್ಬರ ಹೆಸರನ್ನೂ ಮರೆಯಲಿಲ್ಲ, ಅದಂತೂ ನಾ ಕಂಡದ್ದು.

ಆದರೆ ಭಾಷೆ ಬೆಳೆಯುವುದರಲ್ಲಿ ಮನೆತನದ ಪಾಲು ಇಲ್ಲವೇ ಇಲ್ಲ ಅನ್ನಲಾದೀತೇ? ಕವಿ ಬೇಂದ್ರೆಯವರನ್ನೇ ತಗೊಳ್ರಿ. ಮನೆಮಾತು ಮರಾಠಿ, ಕನ್ನಡ ಧಾರವಾಡದ ಓಣಿಯದು. ಆ ಓಣಿಯ ಕನ್ನಡವೇ 1973ರಲ್ಲಿ ಜ್ಞಾನಪೀಠ ತಂತು. ಅಜ್ಜ, ಅಪ್ಪ ಸಂಸ್ಕೃತ ಓದಿದವರು. ಹುಡುಗ ಕಣ್ಣು ಬಿಡುವ ಮೊದಲೇ ಮನೆಯಲ್ಲಿ ಪುಸ್ತಕವಿತ್ತು. ನಮ್ಮ ಕೊತ್ತಂಬರಿ ಹುಡುಗಿಯ ನಾಲ್ಕೂ ಭಾಷೆ ಹೆಚ್ಚಾಗಿ ನಾಲಿಗೆಯ ಮೇಲೇ ನಿಂತಿವೆ. ಅಂಥ ಮಗುವನ್ನು ಒಂದೇ ಭಾಷೆಯಲ್ಲಿ ಪರೀಕ್ಷೆ ಮಾಡಿ “ಇದಕ್ಕ ಶಬ್ದ ಕಮ್ಮಿ ಬರ್ತಾವು” ಅಂದುಬಿಟ್ಟರೆ ಕರುಳು ಚುರ್ ಅನ್ನುತ್ತದೆ. ಉಳಿದ ಮೂರರಲ್ಲಿರುವ ಶಬ್ದ ಎಲ್ಲಿ ಹೋದವು? ಅವೂ ಆಕೆಯ ತಲೆಯಲ್ಲೇ ಇವೆ, ಅಲ್ವಾ?

ಅಷ್ಟರಲ್ಲಿ ಆಕೆಯೇ ಬುಟ್ಟಿ ಹೊತ್ತು ಬಂದಳು. ವೈನಿ ಮೂರು ಪೆಂಡಿ ಕೊತ್ತಂಬರಿ, ಪಾವ ಕಿಲೋ ಹಸಿಮೆಣಸಿನಕಾಯಿ ತಗೊಂಡು ನೂರರ ನೋಟು ಕೊಟ್ಟರು. ಹುಡುಗಿ ತುಟಿಯೊಳಗೇ ಉರ್ದುವಿನಲ್ಲಿ ಎಣಿಸಿ, “ಐವತ್ತೈದ ಹೊಳ್ಳಿ ಕೊಡಬೇಕ್ರಿ” ಅಂದಳು. ವೈನಿ ಚಿಲ್ಲರೆ ಸೆರಗಿಗೆ ಕಟ್ಟಿಕೊಳ್ಳುತ್ತ ಆಕೆಯನ್ನೇ ನೋಡಿದರು.

“ಯಾ ಸಾಲಿಗೆ ಹೋಗ್ತೀಯವಾ?”

“ಉರ್ದು ಸಾಲಿರೀ. ಐದನೇತ್ತಾ.”

“ಇಂಗ್ಲಿಷ್ ಬರ್ತದೇನ?”

“ಕಲ್ಯಾಕತ್ತೇನ್ರಿ.”