ಸೊನ್ನೆಯಿಂದ ಹಂಪ್ಸಿನವರೆಗೆ

ತಮಗೆ ಸಂಬಂಧವೇ ಇಲ್ಲದ ಜಗಳಕ್ಕೆ ಪಂಚಾಯ್ತಿ ಮಾಡುವುದೆಂದರೆ ನಮ್ಮ ಕಡೆಯವರಿಗೆ ಪಂಚಪ್ರಾಣ. ಚನ್ನಗಿರಿಯಲ್ಲಿ ಹಸಿ ಅಡಿಕೆ ಹೊಡೆಯಲು ಬಾಡಿಗೆ ಗಾಡಿ ಇಟ್ಟಿರುವ ನನ್ನ ಅಳಿಯನನ್ನೇ ತಗೊಳ್ಳಿ. ಗಾಡಿಯ ಕಂತು ಬಾಕಿ, ಹಿಂದಿನ ಟೈರು ಸವೆದು ನುಣ್ಣಗಾಗಿವೆ, ಆದರೂ ಅವನ ಚಿಂತೆಯೆಲ್ಲ ಅಮೆರಿಕದ ಗಾಡಿಗಳದ್ದು. ಮೊನ್ನೆ ಹೋಟೆಲಿನಲ್ಲಿ ಮೊಬೈಲು ನನ್ನ ಮೂಗಿಗೆ ಹಿಡಿದು ಕೇಳಿದ: “ಮಾವ, ಗಾಡಿ ಒಂದೇ. ಒಂದಕ್ಕೆ ಟರ್ಬೊ ಎಂಜಿನ್, ಇನ್ನೊಂದಕ್ಕೆ ಹೈಬ್ರಿಡ್. ಎದ್ದು ಓಡೋದ್ರಾಗೆ ಯಾವ್ದು ಮುಂದೆ, ಹೇಳ್ರಿ ನೋಡಾಣ.”

ಪಕ್ಕದ ಬೆಂಚಿನಲ್ಲಿ ಮಿರ್ಚಿ ಮಂಡಕ್ಕಿ ಮೆಲ್ಲುತ್ತಿದ್ದ ಗೌಡರ ಕಿವಿ ನಿಮಿರಿತು. “ಹೈಬ್ರಿಡ್ಡಾ? ಎಕರೆಗೆ ಎಷ್ಟು ಚೀಲ ಗೊಬ್ಬರ ಕೇಳ್ತತಿ ಅದು?”

ಮೆಕ್ಕೆಜೋಳದ ಸೀಮೆಯಲ್ಲಿ ಇದೇನೂ ದಡ್ಡ ಪ್ರಶ್ನೆಯಲ್ಲ. ಅಳಿಯ ಮಾತ್ರ ನೊಂದುಕೊಂಡು ಪಾಠ ಶುರುಮಾಡಿದ. ಅವನು ನೋಡುತ್ತಿದ್ದದ್ದು ಫೋರ್ಡ್ ಕಂಪನಿ 2021ರಲ್ಲಿ ತೋರಿಸಿದ ಮೇವರಿಕ್ ಎಂಬ ಚಿಕ್ಕ ಪಿಕಪ್ಪು. ಆಗಿನ ಆರಂಭಿಕ ಬೆಲೆ 20 ಸಾವಿರ ಡಾಲರಿಗೆ ಬರೀ ಐದು ಡಾಲರ್ ಕಡಿಮೆ. ಹೈಬ್ರಿಡ್ಡಿನಲ್ಲಿ ಎರಡೂವರೆ ಲೀಟರಿನ ಪೆಟ್ರೋಲ್ ಎಂಜಿನ್ನೂ ಕರೆಂಟಿನ ಮೋಟಾರೂ ಸೇರಿ 191 ಅಶ್ವಶಕ್ತಿ. ಟರ್ಬೊದ್ದು ಎರಡೇ ಲೀಟರು, ಆದರೆ 250 ಅಶ್ವಶಕ್ತಿ. ಗಂಟೆಗೆ 60 ಮೈಲಿ, ಅಂದರೆ ನಮ್ಮ ಲೆಕ್ಕದ 97 ಕಿಲೋಮೀಟರ್, ಮುಟ್ಟುವ ಹೊತ್ತಿಗೆ ಟರ್ಬೊ ಸಲೀಸಾಗಿ ಮುಂದೆ. ಊರೊಳಗಿನ ಓಡಾಟದಲ್ಲಿ ಹೈಬ್ರಿಡ್ಡಿಗೆ ಅಲ್ಲಿನ ಸರ್ಕಾರ ಕೊಟ್ಟ ಲೆಕ್ಕ ಲೀಟರಿಗೆ ಸುಮಾರು 18 ಕಿಲೋಮೀಟರ್.

“ಹದಿನೆಂಟಾ?” ಎಂದರು ಗೌಡರು. ಅಷ್ಟು ಹೊತ್ತಿನ ಪಾಠದಲ್ಲಿ ಅವರಿಗೆ ತಾಗಿದ್ದು ಅದೊಂದೇ.

ಟರ್ಬೊ ಹೊಸದೇನಲ್ಲ. ಎಂಜಿನ್ ಉಗುಳುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ 1905ರಲ್ಲೇ ಪೇಟೆಂಟ್ ಮಾಡಿಸಿದ್ದ. ತೊಂದರೆ ಏನಪ್ಪಾ ಅಂದರೆ, ಹೊಗೆ ಜೋರಾಗಿ ಬರಬೇಕಾದರೆ ಎಂಜಿನ್ ಮೊದಲು ಜೋರಾಗಿ ತಿರುಗಬೇಕು. ಅಲ್ಲಿಯತನಕ ಡ್ರೈವರು ಆಕ್ಸಿಲೇಟರ್ ಎಷ್ಟು ತುಳಿದರೂ ಗಾಡಿ ಯೋಚನೆ ಮಾಡುತ್ತ ನಿಂತಿರುತ್ತದೆ. ಕರೆಂಟಿನ ಮೋಟಾರಿಗೆ ಆ ಯೋಚನೆಯಿಲ್ಲ. ನಿಂತಲ್ಲಿಂದಲೇ ಪೂರ್ತಿ ತಿರುಚು ಬಲ. ಮೊದಲ ನಾಲ್ಕು ಮಾರು ಅದರದ್ದು, ಆಮೇಲಿನ ದಾರಿ ಟರ್ಬೊದ್ದು.

ಹೈಬ್ರಿಡ್ ಕಾರೆಂದು ಲೋಕ ಮೊದಲು ದೊಡ್ಡದಾಗಿ ಕೊಂಡಾಡಿದ ಟೊಯೊಟಾ ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರಿನಲ್ಲಿ. ನಾವು ಅದಕ್ಕಿಂತ ನಾಲ್ಕು ತಿಂಗಳು ಮುಂದಿದ್ದೆವು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ಅದೇ ವರ್ಷದ ಆಗಸ್ಟ್ 15ಕ್ಕೆ, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು ಮೊದಲಾದವು, ಬಳ್ಳಾರಿಯಿಂದ ಹರಪನಹಳ್ಳಿ ಬಿಚ್ಚಿ ತಂದು ದಾವಣಗೆರೆ ಜಿಲ್ಲೆ ಕೂಡಿಸಿದರು. ಮುಂದೆ ಹರಪನಹಳ್ಳಿ ಕಳಚಿಕೊಂಡಿತು, ಹೊನ್ನಾಳಿಯೊಳಗಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಅಡಿಕೆ ತೋಟದ ಮಲೆನಾಡಿನ ಅಂಚೂ ಮಳೆಗೆ ಬಾಯಿಬಿಡುವ ಬಯಲೂ ಒಂದೇ ಚಾಸಿಗೆ ಬೋಲ್ಟು ಹಾಕಿಸಿಕೊಂಡು ಓಡುತ್ತಿವೆ. ಇದಕ್ಕಿಂತ ದೊಡ್ಡ ಹೈಬ್ರಿಡ್ ಫೋರ್ಡಿನವರ ಹತ್ತಿರ ಇದೆಯೇ?

ಇರಲಿ, ಗಾಡಿಗೆ ಬರೋಣ. ನಮ್ಮ ಸೀಮೆಯಲ್ಲಿ ಯಾವ ಗಾಡಿಯದ್ದಾದರೂ ಮೊದಲ ಪಿಕಪ್ ಪರೀಕ್ಷೆ ನಡೆಯುವುದು ನಾಲ್ಕು ನಿಂಬೆಹಣ್ಣಿನ ಮೇಲೆ. ಪೂಜಾರಪ್ಪ ಚಕ್ರಕ್ಕೊಂದು ಹಣ್ಣಿಡುತ್ತಾನೆ. ಬಾನೆಟ್ಟಿಗೆ ಕುಂಕುಮ, ಕನ್ನಡಿಗೆ ಸೇವಂತಿಗೆ ಹಾರ, ಒಳಗೆ ಬೆವರುತ್ತ ಕೂತ ಮಾಲೀಕ. “ಹ್ಞೂಂ, ಬಿಡಪ್ಪಾ” ಅಂದ ತಕ್ಷಣ ಕ್ಲಚ್ ಬಿಟ್ಟು ಚಟ್ ಅನ್ನಿಸಬೇಕು. 2005ರಲ್ಲಿ ಟಾಟಾ ಏಸ್ ಬಂದಾಗ ಅದರ ಎರಡು ಸಿಲಿಂಡರಿನ 700 ಸಿ.ಸಿ. ಡೀಸೆಲ್ ಎಂಜಿನ್ನಿಗಿದ್ದದ್ದು 16 ಅಶ್ವಶಕ್ತಿ. ಟರ್ಬೊ ಇಲ್ಲ, ಗಿರ್ಬೊ ಇಲ್ಲ. ಅಮೆರಿಕದ ಆ ಟರ್ಬೊ ಪಿಕಪ್ಪಿನ ಶಕ್ತಿಯಲ್ಲಿ ಹದಿನೈದು ಏಸ್ ಓಡಿಸಿ, ಮಿಕ್ಕಿದ್ದರಲ್ಲಿ ಒಂದು ಬೈಕಿಗೂ ಕೊಡಬಹುದು. ಆದರೂ ನಾಲ್ಕೂ ನಿಂಬೆಹಣ್ಣು ಚಟ್ ಅಂದವು. ಜನ ಅದನ್ನು ಛೋಟಾ ಹಾಥಿ ಅಂದರು. ಆನೆಗೆ ಯಾರೂ ಪಿಕಪ್ ಕೇಳುವುದಿಲ್ಲವಲ್ಲ, ಹೊರೆ ಕೇಳುತ್ತಾರೆ.

ಹೊರೆ ಅಂದೆನಲ್ಲ, ಅಳಿಯನ ಸೆಕೆಂಡಿನ ಲೆಕ್ಕವೆಲ್ಲ ಮಣ್ಣುಪಾಲಾಗುವುದೇ ಅಲ್ಲಿ. ಅವನು ಮೊಬೈಲಿನಲ್ಲಿ ತೋರಿಸಿದ ಓಟದ ವಿಡಿಯೊದಲ್ಲಿ ಗಾಡಿಯ ಹಿಂದಿನ ತೊಟ್ಟಿ ಖಾಲಿ. ನಮ್ಮಲ್ಲಿ ಗಾಡಿ ಖಾಲಿ ಓಡಿದರೆ ಮಾಲೀಕನ ಮುಖವೂ ಖಾಲಿ. ಒಂದೂಕಾಲು ಟನ್ನಿನ ಗಾಡಿಗೆ ಒಂದೂಕಾಲು ಟನ್ ಹಸಿ ಅಡಿಕೆ ಹೇರಿದಿರೆನ್ನಿ, ಒಟ್ಟು ತೂಕ ಎರಡು ಪಟ್ಟು. ಎಂಜಿನ್ ಅದೇ, ಹಾಗಾಗಿ ವೇಗ ಹಿಡಿಯುವ ಸಮಯವೂ ಹೆಚ್ಚುಕಡಿಮೆ ಎರಡು ಪಟ್ಟು. ಇದು ನ್ಯೂಟನ್ನನ ಕಾಲದಿಂದ ನಡೆದುಬಂದ ಲೆಕ್ಕ. ಖೇಣಿ ಹಿಡಿದವರು “ಇನ್ನೊಂದು ನಾಲ್ಕು ಚೀಲ ಹಾಕ್ರೋ” ಅನ್ನುವುದು ನ್ಯೂಟನ್ನನಿಗೆ ಗೊತ್ತಿರದ ಐದನೇ ಗೇರು. ಉಬ್ರಾಣಿ ಕಡೆಯ ಏರಿನಲ್ಲಿ ಆ ಹೊರೆ ಹೊತ್ತು ಹತ್ತುವಾಗ ಟರ್ಬೊದ ಬೆಲೆ ತಿಳಿಯುತ್ತದೆ. ಬೊಲೆರೊ ಪಿಕಪ್ಪೂ 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತೂ ನಮ್ಮ ಕಡೆ ಬೇರುಬಿಟ್ಟದ್ದು ಹಾಗೆ. ದೋಸ್ತ್ ಎಂಜಿನ್ ಒಂದೂವರೆ ಲೀಟರು, ಮೂರೇ ಸಿಲಿಂಡರು, ಆದರೆ ಟರ್ಬೊ ಒಮ್ಮೆ ಉಸಿರೆಳೆದುಕೊಂಡರೆ ಎರಡನೇ ಗೇರಿನಲ್ಲೇ ಏರು ಮುಗಿಸುತ್ತದೆ. ಉಸಿರೆಳೆಯುವ ಮುಂಚೆ ಅಡ್ಡ ಎಮ್ಮೆ ಬಂದರೆ ಮಾತ್ರ ಮತ್ತೆ ಒಂದನೇ ಗೇರು, ಮತ್ತೆ ಎಮ್ಮೆಯ ವಂಶಕ್ಕೆ ಮಂತ್ರಾಕ್ಷತೆ.

ಹಾಗಾದರೆ ಹೈಬ್ರಿಡ್ಡಿಗೆ ಇಲ್ಲಿ ಗತಿಯಿಲ್ಲವೇ? ನಮ್ಮ ಪೇಟೆಯಲ್ಲಿ ಹೈಬ್ರಿಡ್ ಸಾಮಾನು ಗಾಡಿ ಸಿಗುವುದಿಲ್ಲ. ಬಿಡದಿಯ ಕಾರ್ಖಾನೆಯಿಂದ ಹೊರಡುವ ಹೈಬ್ರಿಡ್ ಇನ್ನೋವಾ ಅಡಿಕೆ ಸಾಹುಕಾರರನ್ನು ಹೊರುತ್ತದೆ, ಅಡಿಕೆಯನ್ನಲ್ಲ. ಆದರೂ ಅದು ಬಂದರೆ ಹೊನ್ನಾಳಿಯಂಥ ಊರು ಅದಕ್ಕೆ ಸ್ವರ್ಗ ಎಂದು ನನ್ನ ವಾದ. ಶಿವಮೊಗ್ಗದಿಂದ ಹರಿಹರದ ಕಡೆ ತುಂಗಭದ್ರೆಯ ಪಕ್ಕದಲ್ಲೇ ಓಡುವ ದಾರಿಯಲ್ಲಿ ಶಾಲೆಗೊಂದು ಹಂಪ್ಸು, ಗುಡಿಗೊಂದು ಹಂಪ್ಸು, ಯಾರದೋ ಮನೆ ಮುಂದೆ ಕಾರಣವೇ ಇಲ್ಲದ ಹಂಪ್ಸು. ಡೀಸೆಲ್ ಗಾಡಿ ಪ್ರತಿ ಸಲ ಬ್ರೇಕ್ ಹಾಕಿದಾಗಲೂ ದುಡ್ಡು ಕೊಟ್ಟು ಗಳಿಸಿದ ವೇಗ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್ ಹಾಗಲ್ಲ. ಬ್ರೇಕ್ ತುಳಿದಾಗ ಅದರ ಮೋಟಾರು ಉಲ್ಟಾ ಕೆಲಸ ಮಾಡಿ ಆ ವೇಗದ ಒಂದು ಪಾಲನ್ನು ಕರೆಂಟಾಗಿ ಬ್ಯಾಟರಿಗೆ ಕಟ್ಟುತ್ತದೆ. ಹಂಪ್ಸು ದಾಟಿದ ಮೇಲೆ ಅದೇ ಕರೆಂಟಿನಲ್ಲಿ ಎದ್ದು ಓಡುತ್ತದೆ. ಅಂದರೆ ಪಂಚಾಯ್ತಿ ಹಾಕಿಸಿದ ಒಂದೊಂದು ಹಂಪ್ಸೂ ಒಂದೊಂದು ಪವರ್ ಹೌಸು. ಜೋಗಕ್ಕೆ ಹೋಗುವ ಮಂತ್ರಿಗಳು ಒಮ್ಮೆ ಇತ್ತಲೂ ಬರಬಹುದು.

ಕರೆಂಟಿನ ಮೋಟಾರು ಎದ್ದು ಓಡುವುದರಲ್ಲಿ ಮುಂದೆ ಅಂದದ್ದು ಬರೀ ಬಾಯಿಮಾತಲ್ಲ ಅನ್ನುವುದಕ್ಕೆ ಸಾಕ್ಷಿ ನಮ್ಮ ಏಸೇ. 2022ರಲ್ಲಿ ಅದರ ಪೂರ್ತಿ ಕರೆಂಟಿನ ತಮ್ಮ ಬಂದ: 36 ಅಶ್ವಶಕ್ತಿ, ತಿರುಚು ಬಲ 130 ನ್ಯೂಟನ್ ಮೀಟರ್. ಹಳೇ ಡೀಸೆಲ್ ಅಣ್ಣನದು ಸುಮಾರು 38. ನಿಂಬೆಹಣ್ಣಿನ ಪರೀಕ್ಷೆಯಲ್ಲಿ ತಮ್ಮನನ್ನು ಸೋಲಿಸುವುದು ಅಣ್ಣನಿಂದ ಆಗದ ಮಾತು.

ಇಷ್ಟು ಹೇಳುವಷ್ಟರಲ್ಲಿ ನ್ಯಾಮತಿ ಕಡೆಯ ಬೀಗರೊಬ್ಬರು ಟೀ ಲೋಟ ಕುಕ್ಕಿದರು. “ಪಿಕಪ್ ನೋಡ್ಬೇಕಂದ್ರೆ ದೀಪಾವಳಿ ಕಳೆದ ಮ್ಯಾಲೆ ಬರ್ರಿ ನಮ್ಮ ಕಡೆ.” ಅವರು ಹೇಳಿದ್ದು ಹೋರಿ ಹಬ್ಬದ ಮಾತು. ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಅಖಾಡದ ಬಾಯಿಂದ ಚಿಮ್ಮುವುದನ್ನು ನೋಡಿದವರಿಗೆ ಫೋರ್ಡೂ ಬೇಡ, ಟಾಟಾನೂ ಬೇಡ. ಆ ಹೋರಿ ಬಂದದ್ದೂ ಪಿಕಪ್ ಗಾಡಿಯಲ್ಲೇ: ತೊಟ್ಟಿಗೆ ಹುಲ್ಲು ಹಾಸಿ, ಮುಂದಕ್ಕೊಂದು ಹಿಂದಕ್ಕೊಂದು ಹಗ್ಗ ಕಟ್ಟಿ, ಅದರ ಕಾಲು ನೋಯದ ಹಾಗೆ ಡ್ರೈವರು ಮೂವತ್ತರ ಮೇಲೆ ಮುಳ್ಳು ಏಳಿಸದೆ ತಂದಿರುತ್ತಾನೆ. ಹೊತ್ತದ್ದಕ್ಕಿಂತ ಹೊರಿಸಿಕೊಂಡದ್ದಕ್ಕೇ ಓಟ ಜಾಸ್ತಿ ಇರುವ ಬಾಡಿಗೆ ಬೇರೆಲ್ಲೂ ಇರಲಾರದು. ಚನ್ನಗಿರಿಗೆ ನೆರೆಯ ಅಜ್ಜಂಪುರ ಅಮೃತಮಹಲ್ ತಳಿಯ ನೆಲೆ. ಆ ಎತ್ತುಗಳನ್ನು ನಂಬಿ ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತೆಂದು ಇತಿಹಾಸ ಬರೆದವರು ಹೇಳುತ್ತಾರೆ, ಅದೂ ಫಿರಂಗಿಯ ಹೊರೆ ಸಮೇತ.

ಬೀಗರೇ ಕೊನೆಗೆ ಅಳಿಯನ ಪ್ರಶ್ನೆಗೆ ಉತ್ತರ ಕೊಟ್ಟರು: “ನೋಡ್ರಿ, ಅಮೃತಮಹಲ್ ಓಡ್ತತಿ, ಹಾಲು ಕಡಿಮೆ. ಮಿಶ್ರತಳಿ ಹಸ ಬಕೆಟ್ಟು ತುಂಬ್ತತಿ, ಓಡಲ್ಲ. ನಿಮ್ಮ ಟರ್ಬೊ, ಹೈಬ್ರಿಡ್ಡು ಇದೇ ಹೌದಲ್ಲ?” ಅಮೆರಿಕದ ಪತ್ರಿಕೆಗಳು ಪುಟಗಟ್ಟಲೆ ಗ್ರಾಫು ಹಾಕಿ ಹೇಳಿದ್ದು ಅಷ್ಟೇ.

ಜಗಳೂರಿನವರ ಅಭಿಪ್ರಾಯ ಕೇಳದಿದ್ದರೆ ನ್ಯಾಯವಲ್ಲ. ಅಲ್ಲಿ ರಸ್ತೆ ನೆಟ್ಟಗಿದೆ, ಏರಿಲ್ಲ, ಪಿಕಪ್ ತೋರಿಸಲು ಹೇಳಿ ಮಾಡಿಸಿದ ಬಯಲು. ಆದರೆ ಕೊಯ್ಲಿನ ಹೊತ್ತಿಗೆ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಗಲು ಹರಡಿ, ಅಂಚಿಗೆ ಸಾಲಾಗಿ ಕಲ್ಲಿಟ್ಟಿರುತ್ತಾರೆ. ಇನ್ನೊಂದು ಕಡೆ ರಾಗಿ, ಹುರುಳಿ ಹಾಸಿ, ಹೋಗುವ ಬರುವ ಗಾಡಿಗಳಿಂದಲೇ ಪುಕ್ಕಟೆ ಒಕ್ಕಣೆ. ಹುರುಳಿ ಸೊಪ್ಪಿನ ಮೇಲೆ 250 ಅಶ್ವಶಕ್ತಿ ತುಳಿದು ನೋಡಿ, ಚಕ್ರ ತಿರುಗುತ್ತದೆ, ಗಾಡಿ ಅಲ್ಲೇ ಇರುತ್ತದೆ. ಪಕ್ಕದಲ್ಲಿ ಮೊರ ಹಿಡಿದು ನಿಂತ ಅಜ್ಜಿ ಅನ್ನುತ್ತಾಳೆ: “ನಿಧಾನಕ್ಕೆ ಇನ್ನೊಂದ್ಸಲ ಹಾಯಿಸಪ್ಪಾ, ಕಾಯಿ ಸರಿಯಾಗಿ ಒಡೆದಿಲ್ಲ.”

ಆದ್ದರಿಂದ ನಾಲ್ಕು ತಾಲ್ಲೂಕಿನ ತೀರ್ಪು ಹೀಗಿದೆ: ಹೊರೆ ಹೊತ್ತು ಏರು ಹತ್ತುವ ಚನ್ನಗಿರಿಯ ವೋಟು ಟರ್ಬೊಗೆ, ಹಂಪ್ಸಿನ ಹೊನ್ನಾಳಿಯ ವೋಟು ಇನ್ನೂ ಹುಟ್ಟದ ಹೈಬ್ರಿಡ್ಡಿಗೆ, ನ್ಯಾಮತಿ ಹೋರಿಯನ್ನು ಬಿಟ್ಟು ಬೇರೆ ಚಿಹ್ನೆಗೆ ಒತ್ತುವುದಿಲ್ಲ, ಜಗಳೂರಿನ ಅಜ್ಜಿಗೆ ಯಾವುದಾದರೂ ಸರಿ, ಎರಡು ಸಲ ಹಾಯಬೇಕು. ಸೆಕೆಂಡು ಎಣಿಸುವ ಸುಖ ಅಮೆರಿಕದವರಿಗೇ ಇರಲಿ. ನಮ್ಮಲ್ಲಿ ಗಡಿಯಾರ ನೋಡುವವನು ಬಾಡಿಗೆ ಕೊಡುವ ಸಾಹುಕಾರನೊಬ್ಬನೇ, ಅವನೂ ನೋಡುವುದು ಗಾಡಿ ತಡವಾಗಿ ಬಂದ ದಿನ, ಬಾಡಿಗೆ ಮುರಿಯುವುದಕ್ಕೆ.